ಮೈಲಾರದ ಡಮರುಗ, ಟ್ರ್ಯಾಕ್ಟರಿನ ಡಿಜೆ

ಡೆಂಕನಮರಡಿಯಲ್ಲಿ ಕಾರ್ಣಿಕ ಮುಗಿದು ಅರ್ಧ ತಾಸೂ ಆಗಿರಲಿಲ್ಲ. ಜನ ತಮ್ಮ ತಮ್ಮ ಚಕ್ಕಡಿ, ಟ್ರ್ಯಾಕ್ಟರು, ಟೆಂಪೊಗಳನ್ನು ಹುಡುಕುತ್ತ ಧೂಳಿನಲ್ಲಿ ಅಲೆಯುತ್ತಿದ್ದರು. ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ದಾರಿಯ ಮಗ್ಗುಲಿಗೆ ನಿಂತಿದ್ದ ಒಂದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಎದೆಯೆತ್ತರದ ಸ್ಪೀಕರ್ ಡಬ್ಬಿಗಳು, ಅವುಗಳ ಹಿಂದೆ ಗುರುಗುಡುವ ಜನರೇಟರು. ಆ ಡಬ್ಬಿಗಳಿಂದ ಒಂದು ಕೂಗು ಬಂತು: ‘ಸದ್ದಲೇ’.

ಸ್ವಲ್ಪ ಹೊತ್ತಿನ ಮುಂಚೆ ಬಿಲ್ಲೇರಿದ ಗೊರವಯ್ಯ ಕೂಗಿದ ಅದೇ ಪದ. ಯಾವುದೋ ಹಿಂದಿನ ವರ್ಷದ ರೆಕಾರ್ಡಿಂಗಿನಿಂದ ಕತ್ತರಿಸಿ ತಂದದ್ದಿರಬೇಕು, ಸುತ್ತಲಿನ ಗಾಳಿಯ ಸಪ್ಪಳವೂ ಅದರ ಜೊತೆಗೇ ಬಂದಿತ್ತು. ಪದದ ಕೊನೆಯ ಎಳೆತ ಮುಗಿಯುವುದಕ್ಕೂ ಬಿಡದೆ ಕಿಕ್ ಡ್ರಮ್ಮು ಬಿತ್ತು. ಹುಡುಗರು ಹೋ ಎಂದರು. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ತಲೆಯ ಟವೆಲ್ಲು ತೆಗೆದು ಕಿವಿಗೆ ಒತ್ತಿಕೊಂಡು, ‘ದೇವರ ಮಾತಿಗೂ ಡಿಜೆ ಹಚ್ಚಿದ್ರಲ್ಲೋ’ ಎಂದು ನಕ್ಕರು. ಸಿಟ್ಟಿನ ನಗುವೋ ಒಪ್ಪಿಗೆಯ ನಗುವೋ ಹೇಳಲಾರೆ.

ಮೈಲಾರವನ್ನು ಕಾಣದ ಓದುಗರಿಗೆ ಎರಡು ಮಾತು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಹತ್ತಿರ ಇರುವ ಊರು ಇದು. ಭರತ ಹುಣ್ಣಿಮೆಯ ಆಸುಪಾಸಿನ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಸಂಜೆಯ ಹೊತ್ತಿಗೆ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಆ ಒಂದು ಕೂಗಿಗೆ ಮರಡಿಯ ಮೇಲಿನ ಅಷ್ಟೂ ಜನ ಬಾಯಿ ಮುಚ್ಚುತ್ತಾರೆ. ಡಮರುಗ ನಿಲ್ಲುತ್ತದೆ, ‘ಏಳು ಕೋಟಿ’ಯ ಘೋಷ ನಿಲ್ಲುತ್ತದೆ. ಆಮೇಲೆ ಒಂದೇ ಒಂದು ಸಾಲಿನ ನುಡಿ. ನುಡಿದವನು ಬಿಲ್ಲಿನಿಂದ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲು ಮಳೆಯ ಬಗೆಗೋ ಬೆಳೆಯ ಬಗೆಗೋ ಅಧಿಕಾರದ ಬಗೆಗೋ ಎಂದು ಅಂದು ರಾತ್ರಿಯೇ ಊರೂರಿನ ಕಟ್ಟೆಗಳಲ್ಲಿ ಚರ್ಚೆ ಶುರು. ಒಂದು ಸಾಲಿಗೆ ಲಕ್ಷ ವಿಮರ್ಶಕರು ಸಿಗುವ ಭಾಗ್ಯ ನಮ್ಮ ಯಾವ ಕವಿಗೂ ಇಲ್ಲ.

ಆ ಟ್ರ್ಯಾಕ್ಟರಿನ ಮಿಕ್ಸು ನನ್ನನ್ನು ಬಹಳ ದಿನ ಕಾಡಿತು. ಪವಿತ್ರವಾದದ್ದನ್ನು ಕೆಡಿಸಿದರು ಎಂಬ ಸಂಕಟ ನನ್ನದಲ್ಲ. ಜಾತ್ರೆಯಲ್ಲಿ ಪವಿತ್ರವೂ ಮಿರ್ಚಿ ಭಜಿಯೂ ಒಂದೇ ಧೂಳಿನಲ್ಲಿ ಇರುತ್ತವೆ. ನನ್ನ ತಕರಾರು ಕಿವಿಯದು. ಮಿಕ್ಸ್ ಮಾಡಿದವನು ಪದವನ್ನು ಎತ್ತಿಕೊಂಡ, ಆ ಪದ ಹುಟ್ಟಿಸುವ ಮೌನವನ್ನು ಅಲ್ಲೇ ಬಿಟ್ಟುಬಂದ. ಹಾಗೇಕೆ ಮಾಡಿದ ಎಂದು ಹುಡುಕುತ್ತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆಯ ಡಿಜೆ ಟ್ರ್ಯಾಕುಗಳನ್ನು ಕೇಳತೊಡಗಿದೆ. ಈ ಬರಹ ಆ ಕೇಳುವಿಕೆಯಿಂದ ಬಂದದ್ದು.

ನಮ್ಮ ಕಡೆ ‘ಡಿಜೆ’ ಎಂದರೆ ಮನುಷ್ಯನಲ್ಲ, ಯಂತ್ರ. ‘ಡಿಜೆ ಬಂತು’, ‘ಡಿಜೆ ಹಚ್ರಿ’, ‘ಡಿಜೆಗೆ ಎಷ್ಟು ಕೊಟ್ರಿ’ ಎನ್ನುತ್ತೇವೆ. ಡಬ್ಬಿ, ಆಂಪ್ಲಿಫಯರು, ಲೈಟು, ಜನರೇಟರು, ಅವನ್ನು ಹೊತ್ತ ಗಾಡಿ, ಇಷ್ಟೂ ಸೇರಿ ಡಿಜೆ. ಒಳಗೆ ಓಡುವ ಹಾಡನ್ನು ಕಟ್ಟಿದ ಹುಡುಗ ಬೇರೆಲ್ಲೋ ಒಂದು ಮೊಬೈಲ್ ಅಂಗಡಿಯ ಮೂಲೆಯಲ್ಲಿ ಕೂತಿರುತ್ತಾನೆ. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಡಿಜೆ ಎಂದರೆ ಹೆಸರುಳ್ಳ ಕಲಾವಿದ, ಜನ ಅವನ ಮುಖ ನೋಡಿ ಕುಣಿಯುತ್ತಾರೆ. ನಮ್ಮಲ್ಲಿ ಕುಣಿಯುವವರು ಡಬ್ಬಿಯ ಕಡೆ ಮುಖ ಮಾಡುತ್ತಾರೆ. ಆ ಹುಡುಗ ಪ್ರತಿ ಅರ್ಧ ನಿಮಿಷಕ್ಕೆ ತನ್ನ ಹೆಸರನ್ನು ಹಾಡಿನ ಮೇಲೆ ಕೂಗಿಸುತ್ತಾನಲ್ಲ, ಅದನ್ನು ನಾವು ಜಂಭ ಎಂದುಕೊಳ್ಳುತ್ತೇವೆ. ಮುಖವಿಲ್ಲದವನಿಗೆ ಹೆಸರೊಂದೇ ಆಸ್ತಿ ಎಂದು ನನಗೆ ಹೊಳೆದದ್ದು ತಡವಾಗಿ.

ಇದು ಎಲ್ಲಿಂದ ಬಂತು? ಕ್ಯಾಸೆಟ್ಟಿನ ಕಾಲದಿಂದ ಹಿಡಿಯಬೇಕು. ಗುರುರಾಜ ಹೊಸಕೋಟಿಯಂಥವರ ಜನಪದ ಗೀತೆಗಳ ಕ್ಯಾಸೆಟ್ಟು ಉತ್ತರ ಕರ್ನಾಟಕದ ಬಸ್ಸು, ಹೋಟೆಲು, ಹಿಟ್ಟಿನ ಗಿರಣಿಗಳಲ್ಲಿ ಓಡಿದ ಕಾಲ ಅದು. ಆ ದಿನಗಳಲ್ಲೇ ಹಿಂದಿಯ ಹಳೆಯ ಹಾಡುಗಳಿಗೆ ಮೇಲಿನಿಂದ ಢೋಲಕ್ಕು, ಎಲೆಕ್ಟ್ರಾನಿಕ್ ತಾಳ ಸೇರಿಸಿದ ‘ಝಂಕಾರ್ ಬೀಟ್ಸ್’ ಕ್ಯಾಸೆಟ್ಟುಗಳು ಬಂದವು. ರೀಮಿಕ್ಸ್ ಎಂಬ ಪದ ಗೊತ್ತಿಲ್ಲದೆಯೇ ನಾವು ರೀಮಿಕ್ಸ್ ಕೇಳಿ ಬೆಳೆದೆವು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಹಾಡು ಕಟ್ಟಲು ಎಫ್‌ಎಲ್ ಸ್ಟುಡಿಯೊ ಎಂಬ ಬೆಲ್ಜಿಯಂ ಮೂಲದ ತಂತ್ರಾಂಶ ಅಷ್ಟರಲ್ಲಾಗಲೇ ಹುಡುಗರ ಕಂಪ್ಯೂಟರುಗಳಲ್ಲಿ ಕೂತಿತ್ತು. ದೊಡ್ಡ ತಿರುವು 2019ರದು ಎಂದು ನನ್ನ ಲೆಕ್ಕ. ಆ ವರ್ಷ ಡೀಜರ್ ಎಂಬ ಫ್ರೆಂಚ್ ಕಂಪನಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿತು. ಸಿದ್ಧ ಹಾಡೊಂದನ್ನು ಅದಕ್ಕೆ ತಿನ್ನಿಸಿದರೆ ದನಿ ಬೇರೆ, ಡ್ರಮ್ಮು ಬೇರೆ, ಉಳಿದ ವಾದ್ಯ ಬೇರೆ ಮಾಡಿ ಕೊಡುತ್ತದೆ. ಅಲ್ಲಿಯ ತನಕ ಹಳೆಯ ಹಾಡಿನಿಂದ ಗಾಯಕನ ದನಿ ಬಿಡಿಸುವುದು ಹಸಿ ಗಾಯದಿಂದ ಬಟ್ಟೆ ಬಿಡಿಸಿದಂತೆ ಇತ್ತು. ಆಮೇಲಾಮೇಲೆ ಅದೇ ಕೆಲಸ ಫೋನಿನ ಆ್ಯಪುಗಳಲ್ಲೇ ಆಗತೊಡಗಿತು. ಇವತ್ತು ಒಂದು ಜನಪದ ಹಾಡು ಹೊರಬಿದ್ದರೆ ಅದರ ಹತ್ತಾರು ಡಿಜೆ ಅವತಾರಗಳು ಬೆನ್ನಿಗೇ ಬರುತ್ತವೆ. ಮಾಳು ನಿಪನಾಳ ಹಾಡಿದ ‘ನಾ ಡ್ರೈವರಾ’ ಗೀತೆಯ ರೀಮಿಕ್ಸುಗಳನ್ನು ಎಣಿಸಲು ಕೂತು ನಾನು ಅರ್ಧಕ್ಕೇ ಕೈಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಟ್ರ್ಯಾಕುಗಳು ಹೇಗಿವೆ?

ಇಂಥವನ್ನು ಕೇಳುವ ಮೊದಲು ನನ್ನ ಕಿವಿ ಇನ್ನೊಂದು ಸದ್ದಿಗೆ ಒಗ್ಗಿತ್ತು ಎಂಬುದನ್ನು ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಓದುವಾಗ ಕೋಣೆಯ ಗೆಳೆಯನೊಬ್ಬ ಹಾರ್ಡ್ ಡಿಸ್ಕಿನ ತುಂಬ ಫ್ರೀಫಾರ್ಮ್ ಹಾರ್ಡ್‌ಕೋರ್ ತುಂಬಿಕೊಂಡಿದ್ದ. ಹೆಸರು ಕೇಳಿ ಗಾಬರಿಯಾಗಬೇಡಿ. ಬ್ರಿಟನ್ನಿನ ರೇವ್ ಕೂಟಗಳಲ್ಲಿ ಹುಟ್ಟಿದ ಹ್ಯಾಪಿ ಹಾರ್ಡ್‌ಕೋರ್ ಎಂಬ ಕುಣಿತದ ಸಂಗೀತ 1990ರ ದಶಕದ ಕೊನೆಗೆ ಸಕ್ಕರೆ ಹೆಚ್ಚಾದ ಪಾಯಸದಂತಾಗಿತ್ತು: ಅದೇ ಪಿಯಾನೊ, ಅದೇ ಕೀರಲು ಹೆಣ್ಣುದನಿ, ಅದೇ ಜಾಗದಲ್ಲಿ ಅದೇ ಏರಿಳಿತ. ಶಾರ್ಕಿ, ಕೆವಿನ್ ಎನರ್ಜಿ ಮೊದಲಾದ ಕೆಲವರು ಆ ವೇಗವನ್ನು, ಎಂದರೆ ನಿಮಿಷಕ್ಕೆ 170ರ ಆಸುಪಾಸಿನ ಪೆಟ್ಟನ್ನು, ಹಾಗೇ ಇಟ್ಟುಕೊಂಡು ಉಳಿದ ಕಟ್ಟುಪಾಡು ಬಿಚ್ಚಿದರು. ಟ್ರಾನ್ಸ್ ಸಂಗೀತದ ಉದ್ದನೆಯ ರಾಗದೆಳೆ, ಜಾರುವ ಆ್ಯಸಿಡ್ ಬಾಸು, ಎಲ್ಲಿ ತಿರುಗುತ್ತದೆಂದು ಮೊದಲೇ ಊಹಿಸಲಾಗದ ನಡೆ. ಫಿನ್ಲೆಂಡಿನ ಫಿನ್‌ಆರ್‌ಜಿ ಎಂಬ ಪುಟ್ಟ ಬಳಗದ ಹುಡುಗರು ಅದನ್ನು ಇನ್ನಷ್ಟು ಹಿಗ್ಗಿಸಿದರು. ಕೇಳುವವರು ಎಂದೂ ಬಹಳ ಇರಲಿಲ್ಲ. ಹೊಸ ಟ್ರ್ಯಾಕೊಂದು ಬಂದರೆ ಅದನ್ನು ಯಾರ ಮಿಕ್ಸಿನಲ್ಲಿ, ಯಾವುದರ ಹಿಂದೆ, ಯಾವುದರ ಮುಂದೆ ಇಟ್ಟರು ಎಂಬುದರಲ್ಲೇ ಅದರ ವಿಮರ್ಶೆ ನಡೆದುಹೋಗುತ್ತಿತ್ತು. ಹಾಡನ್ನು ಹಾಡಿನಿಂದಲೇ ಅಳೆಯುವ ಈ ರೀತಿ ನನಗೆ ಬಹಳ ಹಿಡಿಸಿತು.

ಆ ಕಿವಿಯಿಂದ ನಮ್ಮ ಟ್ರ್ಯಾಕ್ಟರಿನ ಟ್ರ್ಯಾಕುಗಳನ್ನು ಕೇಳಿದಾಗ ಒಂದು ವಿಚಿತ್ರ ತಿಳಿಯಿತು. ವರ್ಷದಿಂದ ವರ್ಷಕ್ಕೆ ಇವುಗಳ ಪೆಟ್ಟು ಗಟ್ಟಿಯಾಗಿದೆ, ಬಾಸು ಆಳಕ್ಕಿಳಿದಿದೆ, ನಡೆ ಚುರುಕಾಗಿದೆ. ಆದರೆ ಮೈಕಟ್ಟು ಮಾತ್ರ ಒಂದೇ ಅಚ್ಚಿನದು. ಮೊದಲು ದೇವರ ಅಥವಾ ಊರಿನ ಹೆಸರಿನ ಘೋಷ. ನಂತರ ಮಿಕ್ಸ್ ಮಾಡಿದವನ ಹೆಸರು. ಹಾಡಿನ ಪಲ್ಲವಿ ಒಂದು ಸಲ ಬರಿದಾಗಿ. ಸೈರನ್ನಿನಂತೆ ಏರುವ ಸದ್ದು, ಮತ್ತೆ ಹೆಸರು, ಡ್ರಾಪು. ಡ್ರಾಪಿನಲ್ಲಿ ಹಲಗಿಯೋ ಬೆಂಜೊ ಧಾಟಿಯ ಕೀಬೋರ್ಡೋ ಹದಿನಾರು ಆವರ್ತ. ಪುನಃ ಮೊದಲಿನಿಂದ. ಅಲ್ಲಿನವರು ವೇಗ ಇಟ್ಟುಕೊಂಡು ರೂಪವನ್ನು ಬಿಡಿಸಿಕೊಂಡರು. ನಮ್ಮವರು ರೂಪವನ್ನು ಬಿಗಿದುಕೊಂಡು ವೇಗ ಏರಿಸುತ್ತಿದ್ದಾರೆ.

ಇದನ್ನು ಅಪಹಾಸ್ಯಕ್ಕೆ ಹೇಳುತ್ತಿಲ್ಲ. ಅಚ್ಚು ಇರುವುದು ದೋಷವೇನೂ ಅಲ್ಲ, ಷಟ್ಪದಿಯೂ ಅಚ್ಚೇ. ಆದರೆ ಯಾವ ಹಾಡನ್ನು ಯಾವ ಅಚ್ಚಿಗೆ ಹಾಕುತ್ತೇವೆ ಎಂಬ ಪ್ರಶ್ನೆ ಇದೆ, ಮತ್ತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಪ್ರಶ್ನೆಯಲ್ಲ. ನಮ್ಮ ಜನಪದದ ಜೀವಾಳವಾದ ತ್ರಿಪದಿ ಅಂಶಗಣದ ಛಂದಸ್ಸು. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ ಇರುವ ಈ ಕಟ್ಟಿನ ಗುಟ್ಟು ಅದರ ಹಿಗ್ಗುವ ಗುಣದಲ್ಲಿದೆ. ಬೀಸುಕಲ್ಲಿನ ಮುಂದೆ ಕೂತವಳು ಒಂದು ಅಕ್ಷರವನ್ನು ಕಲ್ಲಿನ ಸುತ್ತು ಮುಗಿಯುವ ತನಕ ಎಳೆಯಬಲ್ಲಳು, ಇನ್ನೊಂದನ್ನು ನುಂಗಬಲ್ಲಳು. ಮಾತ್ರೆ ಎಣಿಸಿ ಇಟ್ಟ ಪದ್ಯ ಹಾಗಲ್ಲ, ಅದು ಪೆಟ್ಟಿಗೆಯಲ್ಲಿಟ್ಟ ಬಳೆಯಂತೆ ಸಾಲಾಗಿ ಕೂತಿರುತ್ತದೆ. ಎಫ್‌ಎಲ್ ಸ್ಟುಡಿಯೊದ ಪರದೆ ತೆರೆದು ನೋಡಿ. ಅದರ ತುಂಬ ಚೌಕಗಳು, ಒಂದೊಂದು ಪೆಟ್ಟಿಗೂ ಒಂದೊಂದು ಮನೆ. ಹಾಡುಗಾರ್ತಿಯ ದನಿಯನ್ನು ಎಳೆದು, ಕತ್ತರಿಸಿ ಆ ಮನೆಗಳಿಗೆ ಕೂರಿಸದಿದ್ದರೆ ಕಿಕ್ಕಿನ ಜೊತೆ ತಾಳ ತಪ್ಪುತ್ತದೆ. ಅಂಶಗಣದ ಹಾಡನ್ನು ಮಾತ್ರಾಗಣದ ಪೆಟ್ಟಿಗೆಯಲ್ಲಿ ಮಲಗಿಸುವ ಕೆಲಸ ಇದು. ಚೆನ್ನಾಗಿ ಮಾಡಿದಾಗ ಎರಡರ ನಡುವಿನ ಜಗ್ಗಾಟವೇ ಕುಣಿಸುತ್ತದೆ. ಕೆಟ್ಟದಾಗಿ ಮಾಡಿದಾಗ ಹಾಡಿನ ಉಸಿರಿನ ಜಾಗಗಳೆಲ್ಲ ಮುಚ್ಚಿಹೋಗುತ್ತವೆ.

ತಾಳದಲ್ಲೂ ಇಂಥದೇ ಜಗ್ಗಾಟ. ನಮ್ಮ ಭಾಗದ ಹಲವು ಧಾಟಿಗಳು ಮೂರು ಅಥವಾ ಆರರ ಓಟದವು, ಸೊಂಟ ತಾನಾಗಿ ತೂಗುವ ಓಟ. ಡಿಜೆಯ ಕಿಕ್ಕು ನಾಲ್ಕರದು, ಕಾಲು ನೆಲಕ್ಕೆ ಒದೆಯುವ ಓಟ. ಸೋಮಾರಿ ಮಿಕ್ಸುಗಳು ಆರರ ಹಾಡನ್ನು ಬಡಿದು ನಾಲ್ಕಾಗಿಸುತ್ತವೆ. ಒಳ್ಳೆಯವು ಕೆಳಗೆ ನಾಲ್ಕನ್ನು ಇಟ್ಟು ಮೇಲೆ ಹಲಗಿಯನ್ನು ಮೂರರಲ್ಲೇ ಓಡಿಸುತ್ತವೆ. ಆಗ ಕುಣಿಯುವವರನ್ನು ಗಮನಿಸಿ, ಕಾಲು ಡಬ್ಬಿಯ ಮಾತು ಕೇಳುತ್ತದೆ, ಭುಜ ಹಲಗಿಯ ಮಾತು ಕೇಳುತ್ತದೆ. ಇಷ್ಟು ಸಾಧಿಸಿದ ಹುಡುಗನಿಗೆ ಯಾವ ಸಂಗೀತಶಾಲೆಯೂ ಇದನ್ನು ಹೇಳಿಕೊಟ್ಟಿರಲಾರದು. ಮದುವೆಯ ಮೆರವಣಿಗೆಯಲ್ಲಿ ತಾನೇ ಕುಣಿದು ಕಲಿತಿರುತ್ತಾನೆ.

ಇನ್ನು ಡಮರುಗ. ಗೊರವರ ಡಮರುಗದಲ್ಲಿ ದಾರದ ತುದಿಯ ಗಂಟು ಚರ್ಮಕ್ಕೆ ಬಡಿಯುವುದು ಮಣಿಕಟ್ಟಿನ ತಿರುವಿನಿಂದ. ಕೈ ದಣಿದರೆ ನಡೆ ತಗ್ಗುತ್ತದೆ, ಮೈದುಂಬಿದರೆ ಏರುತ್ತದೆ. ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಅದಕ್ಕೆ ಅಂಕಿ ಕೊಡಲು ಬರುವುದಿಲ್ಲ, ಕೊಟ್ಟರೂ ಮುಂದಿನ ಗಳಿಗೆಗೆ ಅದು ಸುಳ್ಳು. ಕಪ್ಪು ಕಂಬಳಿ ಹೊದ್ದ ಗೊರವಯ್ಯ ಡಮರುಗ ಬಾರಿಸುತ್ತ ಬಾರಿಸುತ್ತ ತಟ್ಟನೆ ನಿಲ್ಲಿಸಿ ಪಿಳ್ಳಂಗೋವಿ ಊದುತ್ತಾನೆ. ವಗ್ಗಯ್ಯರು ಮೈಲಾರನ ನಾಯಿಗಳಾಗಿ ಬೊಗಳುತ್ತಾರೆ, ದೋಣಿಗೆ ಬಾಯಿ ಹಚ್ಚಿ ಹಾಲು ಬಾಳೆಹಣ್ಣು ತಿನ್ನುತ್ತಾರೆ. ಕುದುರೆಕಾರರು ಗೆಜ್ಜೆ ಕಟ್ಟಿ ಕುದುರೆಯಾಗುತ್ತಾರೆ. ಒಂದು ಕಡೆ ಕಂಚವೀರರ ಪವಾಡ, ಇನ್ನೊಂದು ಕಡೆ ಸರಪಳಿ ಹರಿಯುವ ಸದ್ದು. ಯಾವುದರ ನಂತರ ಯಾವುದು ಎಂಬ ಕ್ರಮ ಒಳಗಿನವರಿಗೆ ಗೊತ್ತು, ಹೊರಗೆ ನಿಂತವನಿಗೆ ಎಲ್ಲವೂ ತಿರುವೇ. ನಾನು ಫಿನ್ಲೆಂಡಿನ ಹುಡುಗರಲ್ಲಿ ಮೆಚ್ಚಿದ ಸ್ವಚ್ಛಂದ ನಡೆ ನಮ್ಮ ಜಾತ್ರೆಯ ಬಯಲಿನಲ್ಲಿ ಬಹಳ ಹಿಂದಿನಿಂದ ಇದೆ. ಡಿಜೆ ಡಬ್ಬಿಯೊಳಗೆ ಹೋಗುವಾಗ ಮಾತ್ರ ಅದು ಬಾಗಿಲಲ್ಲೇ ಉಳಿಯುತ್ತದೆ. ಎರಡು ಸೆಕೆಂಡಿನ ಡಮರುಗದ ತುಣುಕೊಂದನ್ನು ಕತ್ತರಿಸಿ, ಚೌಕಕ್ಕೆ ಕೂರಿಸಿ, ನೂರು ಸಲ ತಿರುಗಿಸುತ್ತಾರೆ. ಡಮರುಗದ ಸದ್ದು ಇದೆ, ಮಣಿಕಟ್ಟು ಇಲ್ಲ.

ಚೌಡಿಕೆಯ ವಿಷಯದಲ್ಲಿ ಇದು ಇನ್ನೂ ನೋವಿನದು. ಜೋಗತಿಯರ ಕೈಯ ಚೌಡಿಕೆಯ ತಂತಿ ಬಿಗಿದಾಗ, ಸಡಿಲಿಸಿದಾಗ ಸ್ವರ ಜಾರುತ್ತದೆ, ಯಾರೋ ಹೊಟ್ಟೆಯೊಳಗಿಂದ ಮಾತಾಡಿದಂತೆ. ಈ ಜಾರುವ ಸ್ವರವೇ ಆ್ಯಸಿಡ್ ಬಾಸಿನ ಜೀವ. ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಯಂತ್ರದಿಂದ ಆ ಸ್ವರ ಹೊರಟಿತು. ಷಿಕಾಗೋದ ಆ್ಯಸಿಡ್ ಹೌಸ್ ಹೆಸರಾಗುವ ಮೊದಲೇ, 1982ರಲ್ಲಿ, ಮುಂಬಯಿಯ ಚರಣಜಿತ್ ಸಿಂಗ್ ಅದೇ ಯಂತ್ರದ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ರೆಕಾರ್ಡು ಮಾಡಿದ್ದರು. ಆಗ ಯಾರೂ ಕಿವಿಗೊಡಲಿಲ್ಲ, ದಶಕಗಳ ಮೇಲೆ ಜಗತ್ತು ಬೆರಗಾಗಿ ಅದನ್ನು ಹುಡುಕಿಕೊಂಡು ಬಂತು. ಆ ರಾಗದ ಜಾರು ಮುಂಬಯಿಯಲ್ಲಿ ಯಂತ್ರಕ್ಕೆ ಸಿಕ್ಕಿತು ಎಂದಮೇಲೆ ಚೌಡಿಕೆಯ ಜಾರು ಹಗರಿಬೊಮ್ಮನಹಳ್ಳಿಯಲ್ಲಿ ಯಾಕೆ ಸಿಗಬಾರದು? ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಕಲೆಯ ಸ್ವರವನ್ನು ಬಾಸಿಗೆ ಇಳಿಸಿದ ಒಂದೇ ಒಂದು ಟ್ರ್ಯಾಕು ಈ ತನಕ ನನ್ನ ಕಿವಿಗೆ ಬಿದ್ದಿಲ್ಲ. ಎಲ್ಲಮ್ಮನ ಹಾಡಿನ ಡಿಜೆಗಳಿಗೆ ಕಡಿಮೆಯಿಲ್ಲ, ಅವುಗಳಲ್ಲಿ ಚೌಡಿಕೆ ಇರುವುದು ಬಾಗಿಲ ತೋರಣದಂತೆ, ಮೊದಲ ಹತ್ತು ಸೆಕೆಂಡು.

ಮೂರು ಮಿಕ್ಸುಗಳ ಬಗ್ಗೆ ಬಿಡಿಸಿ ಹೇಳುತ್ತೇನೆ. ಮಾಡಿದವರು ಇನ್ನೂ ಓದುತ್ತಿರುವ, ದುಡಿಯುತ್ತಿರುವ ಹುಡುಗರು, ಹೆಸರು ಬೇಡ.

ಮೊದಲನೆಯದು ನಾನು ಆಗಲೇ ಹೇಳಿದ ‘ಸದ್ದಲೇ’ ಮಿಕ್ಸು. ನಂತರ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಮನೆಯಲ್ಲಿ ಕೇಳಿದೆ. ಡಬ್ಬಿಯ ಎದುರು ಗುಡುಗಿದ್ದು ಮನೆಯಲ್ಲಿ ತೆಳ್ಳಗಾಯಿತು. ದೇವರ ಘೋಷವನ್ನು ಡ್ರಾಪಿಗೆ ಮೆಟ್ಟಿಲು ಮಾಡಿಕೊಂಡದ್ದು ಬಿಟ್ಟರೆ ಅದರಲ್ಲಿ ಆಲೋಚನೆ ಇಲ್ಲ. ‘ಸದ್ದಲೇ’ ಬದಲಿಗೆ ಯಾವುದೇ ಸಿನಿಮಾ ನಾಯಕನ ಡೈಲಾಗು ಇಟ್ಟರೂ ಟ್ರ್ಯಾಕು ಹಾಗೇ ನಡೆಯುತ್ತದೆ, ನಡೆಯುತ್ತಲೂ ಇದೆ. ಒಂದು ಪದವನ್ನು ತೆಗೆದು ಇನ್ನೊಂದನ್ನಿಟ್ಟರೂ ಕೆಡದ ಪದ್ಯವನ್ನು ನಾವು ಏನೆನ್ನುತ್ತೇವೋ ಇದನ್ನೂ ಹಾಗೇ ಅನ್ನಬೇಕು.

ಎರಡನೆಯದು ಹರಪನಹಳ್ಳಿ ಕಡೆಯ ಮದುವೆಯೊಂದರಲ್ಲಿ ಕೇಳಿದ್ದು, ಮುಕ್ಕಾಲು ತಾಸಿನ ನಿಲ್ಲದ ಮಿಕ್ಸು. ಇದರ ಕರ್ತೃವಿಗೆ ಜೋಡಿಸುವ ಬುದ್ಧಿ ಇದೆ. ಸೋಬಾನೆ ಪದದ ಒಂದು ಎಳೆಯಿಂದ ಶುರುಮಾಡಿ, ಅದರ ಕೊನೆಯ ಸ್ವರವನ್ನೇ ಹಿಡಿದು ಮುಂದಿನ ಹಾಡಿನ ಮೊದಲ ಸ್ವರಕ್ಕೆ ದಾಟಿಸುತ್ತಾನೆ. ಶ್ರುತಿ ಕೂಡದ ಹಾಡುಗಳನ್ನು ಪಕ್ಕಪಕ್ಕ ಇಡುವುದಿಲ್ಲ. ಹೆಣ್ಣಿನ ಮನೆಯವರ ಹಾಡಾದ ಮೇಲೆ ಗಂಡಿನ ಕಡೆಯ ಕೀಟಲೆ, ಆಮೇಲೆ ಡ್ರೈವರು ಲವರುಗಳ ಹಾಡು, ಹೀಗೆ ಮದುವೆಯ ದಿನದ ನಡೆಯನ್ನೇ ಮಿಕ್ಸಿನ ನಡೆ ಮಾಡಿಕೊಂಡಿದ್ದಾನೆ. ಇಪ್ಪತ್ತೈದನೆಯ ನಿಮಿಷದ ಹೊತ್ತಿಗೆ ಅವನ ಸರಕು ಮುಗಿಯುತ್ತದೆ. ಆಮೇಲಿನದು ಬರೀ ಪೆಟ್ಟು. ಮೊದಲರ್ಧದ ಹುಡುಗ ಎರಡನೆಯ ಅರ್ಧದ ಹುಡುಗನನ್ನು ಕೂರಿಸಿ ಬೈಯಬೇಕಿತ್ತು.

ಮೂರನೆಯದರ ಕತೆ ಕೊನೆಗೆ. ಅದಕ್ಕೂ ಮೊದಲು ನನಗೆ ನುಂಗಲಾಗದ ಎರಡು ಸಂಗತಿಗಳಿವೆ.

ಒಂದು, ದನಿಯದು. ಈ ಟ್ರ್ಯಾಕುಗಳಲ್ಲಿ ಗಾಯಕಿಯರ ಸ್ವರವನ್ನು ಒಂದೆರಡು ಮೆಟ್ಟಿಲು ಮೇಲೇರಿಸುವುದು ವಾಡಿಕೆ. ಐವತ್ತರ ಹೆಂಗಸು ಹದಿನಾಲ್ಕರ ಹುಡುಗಿಯಾಗುತ್ತಾಳೆ. ಆ ದನಿಯಲ್ಲಿದ್ದ ಒರಟು, ಬಿಸಿಲು, ಎಲೆಅಡಿಕೆ, ನಿದ್ದೆಗೇಡು ಎಲ್ಲ ಸೋಸಿಹೋಗುತ್ತವೆ. ಹ್ಯಾಪಿ ಹಾರ್ಡ್‌ಕೋರಿನ ಕೀರಲು ದನಿಯಿಂದ ಫ್ರೀಫಾರ್ಮಿನವರು ದೂರ ಸರಿದದ್ದು ಇದಕ್ಕೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಮಿಕ್ಸ್ ಮಾಡಿದವನ ಹೆಸರು ಮುಕ್ಕಾಲು ತಾಸಿನಲ್ಲಿ ತೊಂಬತ್ತು ಸಲ ಕೇಳಿಸಿದರೂ ಹಾಡಿದವಳ ಹೆಸರು ಒಂದು ಸಲವೂ ಬರುವುದಿಲ್ಲ. 1994ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡುಗಾರರಿಗೂ ಹಕ್ಕಿದೆ, ಅದು ಕಾಗದದ ಮಾತು. ಮುಖವಿಲ್ಲದವನಿಗೆ ಹೆಸರೇ ಆಸ್ತಿ ಎಂದು ಮೇಲೆ ಬರೆದೆನಲ್ಲ, ಅವನು ತನಗಿಂತ ಹೆಚ್ಚು ಮುಖವಿಲ್ಲದವಳ ಆಸ್ತಿಯನ್ನು ಸಲೀಸಾಗಿ ದಾಟಿಹೋಗುತ್ತಾನೆ. ಒಂದು ಸಲ, ಒಂದೇ ಸಲ, ಅವಳ ಊರಿನ ಹೆಸರು ಕೂಗಿದರೂ ನನಗೆ ಸಾಕಿತ್ತು.

ಇನ್ನೊಂದು, ಮೈಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಬಂದ್. ಟ್ರ್ಯಾಕ್ಟರ್ ಡಿಜೆಯ ಮುಂದೆ ನಿಂತು ಈ ಅಂಕಿಗಳನ್ನು ಓದಿದರೆ ಓದಿದ್ದು ನಮಗೇ ಕೇಳಿಸುವುದಿಲ್ಲ. ನನ್ನ ಅಜ್ಜಿ ಕೊನೆಯ ದಿನಗಳಲ್ಲಿ ಮಲಗಿದ್ದ ಕೋಣೆಯ ಕಿಟಕಿಯಾಚೆ ಒಂದು ಮೆರವಣಿಗೆ ನಿಂತಿತ್ತು. ಕಪಾಟಿನ ಮೇಲಿನ ಸ್ಟೀಲಿನ ಡಬ್ಬಿಗಳು ತಾವೇ ನಡೆದು ಅಂಚಿಗೆ ಬಂದವು. ನಾನು ಹೊರಗೆ ಹೋಗಿ ಕೈಮುಗಿದೆ, ಹುಡುಗರು ಐದು ನಿಮಿಷ ತಗ್ಗಿಸಿದರು, ಮತ್ತೆ ಏರಿಸಿದರು. ಅವರಲ್ಲಿ ಇಬ್ಬರು ನನಗೆ ಪರಿಚಿತರು, ಮರುದಿನ ಅಜ್ಜಿಯನ್ನು ನೋಡಲು ಮನೆಗೂ ಬಂದರು, ಎಳನೀರು ತಂದಿದ್ದರು. ಗಣೇಶನ ಹಬ್ಬ ಬಂದಾಗ ಜಿಲ್ಲಾಡಳಿತಗಳು ಡಿಜೆ ನಿಷೇಧಿಸುವುದು, ಸಂಘಟಕರು ಜಗಳಕ್ಕಿಳಿಯುವುದು ಈಗ ಹಬ್ಬದಷ್ಟೇ ಖಾಯಂ. ಆ ಜಗಳದಲ್ಲಿ ಎರಡೂ ಕಡೆಯವರು ಡಿಜೆಯನ್ನು ಬರೀ ಗದ್ದಲ ಎಂದೇ ಹಿಡಿಯುತ್ತಾರೆ, ಒಬ್ಬರಿಗೆ ಅದು ಬೇಡ, ಇನ್ನೊಬ್ಬರಿಗೆ ಬೇಕು, ಅಷ್ಟೆ. ಗದ್ದಲದ ಒಳಗೆ ಸಂಗೀತ ಇದೆಯೇ, ಇದ್ದರೆ ಅದು ಒಳ್ಳೆಯದೇ ಎಂದು ಕೇಳುವವರಿಲ್ಲ. ನಮ್ಮ ವಿಮರ್ಶೆಯೂ ಈ ವಿಷಯದಲ್ಲಿ ಪೊಲೀಸ್ ಪೇದೆಯ ಹಾಗೆ ನಡೆದುಕೊಂಡಿದೆ: ಒಂದೋ ಲಾಠಿ, ಇಲ್ಲವೇ ಆ ಕಡೆ ತಿರುಗಿ ನಿಲ್ಲುವುದು.

ಈಗ ಮೂರನೆಯ ಮಿಕ್ಸು. ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನದು. ಫೋನಿನ ಗಾಜು ಬದಲಿಸಲು ಹೋಗಿದ್ದಾಗ ಅವನ ಲ್ಯಾಪ್‌ಟಾಪಿನಲ್ಲಿ ಚೌಕಗಳು ಕಂಡವು, ಮಾತಿಗೆ ಮಾತು ಬೆಳೆಯಿತು. ಇವನೂ ‘ಸದ್ದಲೇ’ ಬಳಸಿದ್ದಾನೆ. ಈ ಕಡೆಯ ಹುಡುಗರಿಗೆ ಅದೊಂದು ಮೋಹ. ಏಳು ನಿಮಿಷದ ಟ್ರ್ಯಾಕು. ಮೊದಲ ಮೂರು ನಿಮಿಷ ಕಿಕ್ಕೇ ಇಲ್ಲ, ಡಮರುಗ ಒಂದೇ. ಅದನ್ನು ತುಣುಕು ಮಾಡಿ ತಿರುಗಿಸಿಲ್ಲ, ಜಾತ್ರೆಯಲ್ಲಿ ಫೋನು ಹಿಡಿದು ನಿಂತು ತಾನೇ ರೆಕಾರ್ಡು ಮಾಡಿದ್ದನ್ನು ಪೂರ್ತಿ ಬಿಟ್ಟಿದ್ದಾನೆ. ಡಮರುಗದ ನಡೆ ಏರಿದಂತೆ ತಂತ್ರಾಂಶದ ವೇಗದ ಅಂಕಿಯನ್ನೇ ಅದರ ಹಿಂದೆ ಏರಿಸಿದ್ದಾನೆ, ಚೌಕವೇ ಮಣಿಕಟ್ಟಿನ ಬೆನ್ನು ಹತ್ತಿದೆ. ಇದಕ್ಕೆ ಮೂರು ರಾತ್ರಿ ಹಿಡಿಯಿತಂತೆ. ಕಿಕ್ ಬಂದಾಗ ಅದು ಮೊದಲೇ ಓಡುತ್ತಿದ್ದ ಗಾಡಿಗೆ ಹಾರಿ ಹತ್ತಿದವನಂತೆ ಬರುತ್ತದೆ. ಮಧ್ಯೆ ಒಂದು ಕೀಬೋರ್ಡು ರಾಗ ಇದೆ, ಅಗ್ಗದ ಸ್ವರ, ತೆಗೆದುಹಾಕಿದ್ದರೆ ಒಳ್ಳೆಯದಿತ್ತು, ಹಾಗೆಂದು ಅವನಿಗೂ ಹೇಳಿದೆ. ಐದನೆಯ ನಿಮಿಷದಲ್ಲಿ ‘ಸದ್ದಲೇ’. ಆಮೇಲೆ ಏನೂ ಇಲ್ಲ. ಲ್ಯಾಪ್‌ಟಾಪು ಕೆಟ್ಟಿತೇನೋ ಎಂದು ನಾನು ಪರದೆ ನೋಡಿದೆ. ಗೆರೆ ಓಡುತ್ತಲೇ ಇತ್ತು. ಎಣಿಸಿ ಹನ್ನೊಂದು ಸೆಕೆಂಡು. ಹಿಂದಕ್ಕೆ ಬರುವುದು ಕಿಕ್ ಅಲ್ಲ, ಪಿಳ್ಳಂಗೋವಿಯ ಒಂದು ಎಳೆ.

‘ಇದನ್ನ ಡಬ್ಬಿಗೆ ಹಚ್ಚಿದ್ದೀಯೇನಪ್ಪಾ?’ ಎಂದು ಕೇಳಿದೆ.

‘ಇಲ್ರಿ ಸರ. ಒಂದ್ ಸಲ ಹಚ್ಚಿದ್ದೆ. ಅಲ್ಲಿ ಬಂದ್ ಆತಲ್ರಿ, ಜನರೇಟರ್ ಕೆಟ್ಟೈತಿ ಅಂತ ಕಲ್ಲು ಒಗೆಯಾಕ ಬಂದ್ರು. ಗಾಡಿ ಮಾಲಕ ಬೈದ. ಅದಕ್ಕ ಗ್ಯಾಪ್ ತಗದು ಬ್ಯಾರೆ ಮಾಡಿ ಕೊಟ್ಟೆ. ಇದು ನನಗ ಇಟ್ಕೊಂಡಿದ್ದು.’

ಗ್ಯಾಪ್ ತೆಗೆದ ಆವೃತ್ತಿಯನ್ನೂ ಹಾಕಿ ತೋರಿಸಿದ. ಮೂರು ನಿಮಿಷದ ಡಮರುಗ ಇಪ್ಪತ್ತು ಸೆಕೆಂಡಿಗೆ ಇಳಿದಿತ್ತು, ‘ಸದ್ದಲೇ’ಯ ಬಾಲಕ್ಕೆ ಕಿಕ್ಕು ಅಂಟಿತ್ತು, ಅವನ ಹೆಸರು ಎಂಟು ಕಡೆ. ಕೇಳುತ್ತ ಕೇಳುತ್ತ ಗುರುತು ಹತ್ತಿತು. ಕಾರ್ಣಿಕದ ದಿನ ಟ್ರ್ಯಾಕ್ಟರಿನಲ್ಲಿ ಓಡಿದ್ದು, ನಾನು ಪೆನ್‌ಡ್ರೈವಿನಲ್ಲಿ ಒಯ್ದು ಆಲೋಚನೆ ಇಲ್ಲದ್ದು ಎಂದು ತಳ್ಳಿಹಾಕಿದ್ದು ಇದೇ. ಇದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಗಾಜಿನ ದುಡ್ಡು ಕೊಟ್ಟು, ಮೊದಲಿನ ಫೈಲನ್ನು ಕಳಿಸಲು ಕೇಳಿಕೊಂಡು ಬಂದೆ.

ಅಂದು ರಾತ್ರಿ ಊರಲ್ಲಿ ಕರೆಂಟು ಹೋಗಿತ್ತು. ಅಂಗಳದಲ್ಲಿ ಕೂತು ಫೋನಿನ ಪುಟ್ಟ ಸ್ಪೀಕರಿನಲ್ಲೇ ಅದನ್ನು ಹಚ್ಚಿದೆ. ಬಾಸಿಲ್ಲ, ಏನಿಲ್ಲ, ಡಮರುಗ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಐದನೆಯ ನಿಮಿಷಕ್ಕೆ ಕೂಗು ಬಂತು. ಹನ್ನೊಂದು ಸೆಕೆಂಡಿನ ನಡುವೆ ಎಲ್ಲೋ ಹಿತ್ತಲ ಆಚೆ ಒಂದು ನಾಯಿ ಬೊಗಳಿತು.